ಚದುರಂಗದ ಅರಸನ ಒಂದು ಹೆಜ್ಜೆ

ಚದುರಂಗವನ್ನು ಹೊಸದಾಗಿ ಕಲಿಯುವ ಮಕ್ಕಳೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದುಂಟು: “ಆನೆಯನ್ನು ಹೊಡೆಯಬಹುದು, ಕುದುರೆಯನ್ನು ಹೊಡೆಯಬಹುದು, ಮಂತ್ರಿಯನ್ನೂ ಹೊಡೆಯಬಹುದು, ರಾಜನನ್ನು ಮಾತ್ರ ಏಕೆ ಹೊಡೆಯಬಾರದು?” ನಾನೂ ಹಾಗೆ ಕೇಳಿದ್ದೆ. ಮನೆಯ ಜಗಲಿಯ ಮೇಲೆ ಮಣೆಯನ್ನು ಹಾಸಿಕೊಂಡು ಕುಳಿತಿದ್ದ ನಮ್ಮ ತಾತ ನನ್ನ ಕೈಯನ್ನು ಹಿಡಿದು ತಡೆದು, “ಅವನನ್ನು ಹೊಡೆಯೋ ಹಾಗಿಲ್ಲ ಮಗು; ಅವನಿಗೆ ನಿಲ್ಲೋಕೆ ಜಾಗವಿಲ್ಲದ ಹಾಗೆ ಮಾಡಬೇಕು, ಅಷ್ಟೆ” ಎಂದರು. ಅಂದು ಆ ಮಾತು ನನಗೆ ಸಮಾಧಾನವನ್ನು ತರಲಿಲ್ಲ. ಎದುರಿಗೆ ಸಿಕ್ಕಿಬಿದ್ದ ಶತ್ರುವನ್ನು ಹೊಡೆಯದೆ ಬಿಡುವುದೆಂದರೆ ಅದೆಂಥ ಯುದ್ಧ? ಆದರೆ ವಯಸ್ಸು ಮಾಗುತ್ತ ಬಂದಂತೆ, ಆ ಒಂದು ನಿಯಮದಲ್ಲಿಯೇ ಈ ಆಟದ ಜೀವ ಅಡಗಿದೆಯೆಂದು ತೋರತೊಡಗಿತು. ಅರಸನಿಗೆ ಏನು ಸಲ್ಲುತ್ತದೆ, ಏನು ಸಲ್ಲದು ಎಂಬುದನ್ನು ಬಿಡಿಬಿಡಿಯಾಗಿ ನೋಡುತ್ತ ಹೋದರೆ ಅದು ಬರಿಯ ಆಟದ ಕಟ್ಟಳೆಯಾಗಿ ಉಳಿಯುವುದಿಲ್ಲ.

ಮೊದಲು ಹೆಸರನ್ನೇ ನೋಡೋಣ. ಚತುರಂಗವೆಂದರೆ ಸೇನೆಯ ನಾಲ್ಕು ಅಂಗಗಳು: ಆನೆ, ಕುದುರೆ, ರಥ, ಕಾಲಾಳು. ಅರಸನ ಹೆಸರು ಆ ನಾಲ್ಕರಲ್ಲಿ ಇಲ್ಲ. ಯಾರಿಗಾಗಿ ಈ ಆಟವೋ, ಯಾರು ಬಿದ್ದರೆ ಆಟವೇ ಮುಗಿಯುವುದೋ ಅವನೇ ಆಟದ ಹೆಸರಿನಿಂದ ಹೊರಗೆ! ವಿಚಾರ ಮಾಡಿದರೆ ಇದು ಸರಿಯೇ. ಉಳಿದವೆಲ್ಲ ಅಂಗಗಳು, ಅರಸನು ಆ ಅಂಗಗಳನ್ನು ಹೊತ್ತ ಜೀವ. ಒಂದು ಕೈ ಹೋದರೂ ಕಾಲು ಹೋದರೂ ಮನುಷ್ಯ ಬದುಕಿರಬಲ್ಲ. ಜೀವ ಹೋದಮೇಲೆ ಅಂಗಗಳೆಲ್ಲ ಇದ್ದೂ ಫಲವೇನು? ಸೋತವನ ಮಣೆಯ ಮೇಲೆ ಮಂತ್ರಿಯೂ ಎರಡು ಆನೆಗಳೂ ಗಾಯವಿಲ್ಲದೆ ನಿಂತಿರುವುದನ್ನು ನಾವು ಎಷ್ಟು ಸಲ ಕಂಡಿಲ್ಲ!

ಇಷ್ಟು ಮುಖ್ಯನಾದವನ ನಡೆಯಾದರೋ ಅತ್ಯಂತ ಸಾಮಾನ್ಯ. ಅರಸನು ಎಂಟು ದಿಕ್ಕುಗಳಲ್ಲಿ ಯಾವ ದಿಕ್ಕಿಗಾದರೂ ಹೋಗಬಹುದು. ಆದರೆ ಒಂದೇ ಮನೆ. ಬರಿಯ ಮಣೆಯ ನಡುವೆ ನಿಂತ ಮಂತ್ರಿಗೆ 27 ಮನೆಗಳು ತೆರೆದಿರುತ್ತವೆ. ಆನೆಯು ಎಲ್ಲಿ ನಿಂತರೂ 14 ಮನೆಗಳನ್ನು ಆಳುತ್ತದೆ. ಅರಸನಿಗೆ ನಡುವೆ ಇದ್ದರೆ 8, ಅಂಚಿಗೆ ಸರಿದರೆ 5, ಮೂಲೆ ಸೇರಿದರೆ ಮೂರೇ ಮನೆ. ಮುದುಕನೊಬ್ಬನು ಕೋಲೂರಿಕೊಂಡು ಅಂಗಳದಲ್ಲಿ ತಿರುಗಾಡಿದ ಹಾಗೆ ಇವನ ಸಂಚಾರ.

ಆದರೂ ಈ ಒಂದು ಹೆಜ್ಜೆಯಲ್ಲಿ ಒಂದು ವಿಸ್ಮಯವುಂಟು. ನಮ್ಮ ನೆಲದ ಮೇಲೆ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಅಂಚಿನ ಗೆರೆಗಿಂತ ಉದ್ದವಾದುದು. ಇದನ್ನು ಶಾಲೆಯ ಹುಡುಗನೂ ಬಲ್ಲ. ಅರಸನ ಲೆಕ್ಕದಲ್ಲಿ ಹಾಗಿಲ್ಲ. ಒಂದು ಮೂಲೆಯಿಂದ ಅಂಚಿನ ಗುಂಟ ಮುಂದಿನ ಮೂಲೆಗೆ ಹೋಗಲು ಅವನಿಗೆ ಏಳು ಹೆಜ್ಜೆ. ಓರೆಯಾಗಿ ಎದುರಿನ ಮೂಲೆಗೆ ಹೋಗಲೂ ಏಳೇ ಹೆಜ್ಜೆ. ತನ್ನ ಸಿಂಹಾಸನದ ಮನೆಯಿಂದ ನೇರ ಎದುರಿಗಿರುವ ಕಟ್ಟಕಡೆಯ ಮನೆಗೆ ಏಳು ಹೆಜ್ಜೆಗಳಲ್ಲಿಯೇ ಸೇರತಕ್ಕ ದಾರಿಗಳನ್ನು ಎಣಿಸಿದರೆ ಅವು 393 ಆಗುತ್ತವೆ. ನೇರವಾಗಿ ಹೋದರೂ ಬಳಸಿ ಹೋದರೂ ಹೊತ್ತು ಅಷ್ಟೇ. ನಿಧಾನವಾಗಿ ನಡೆಯುವವನಿಗೆ ದಾರಿಗಳು ಹೆಚ್ಚು ಎಂಬ ಮಾತು ಇಲ್ಲಿ ಗಣಿತದಿಂದಲೇ ಸಿದ್ಧವಾಗುತ್ತದೆ.

ಇನ್ನು ಅವನಿಗೆ ಸಲ್ಲದ ನಡೆಗಳು. ಮಿಕ್ಕ ಕಾಯಿಗಳೆಲ್ಲಕ್ಕೂ ಒಂದು ಸ್ವಾತಂತ್ರ್ಯವುಂಟು: ಸಾಯುವ ಸ್ವಾತಂತ್ರ್ಯ. ಕುದುರೆಯು ಬೇಕೆಂದೇ ಹಗೆಯ ಬಾಯಿಗೆ ಬೀಳಬಹುದು. ಒಳ್ಳೆಯ ಆಟಗಾರನು ಮಂತ್ರಿಯನ್ನೇ ಬಲಿಕೊಟ್ಟು ಗೆಲ್ಲುವುದುಂಟು. ಅರಸನಿಗೆ ಈ ಹಕ್ಕಿಲ್ಲ. ಎದುರಾಳಿಯ ಕಾಯಿಯೊಂದು ಹೊಡೆಯಬಲ್ಲ ಮನೆಗೆ ಅವನು ಕಾಲಿಡುವಂತಿಲ್ಲ. ಅಷ್ಟೇ ಅಲ್ಲ, ಎದುರಾಳಿಯ ಕಾಯಿ ತನ್ನ ಅರಸನಿಗೆ ಅಡ್ಡವಾಗಿ ನಿಂತು ಕದಲಲಾರದ ಸ್ಥಿತಿಯಲ್ಲಿದ್ದರೂ, ಅದು ಕಾಯುವ ಮನೆ ಇವನಿಗೆ ನಿಷಿದ್ಧವೇ. ಈ ಕಾರಣದಿಂದಲೇ ಇಬ್ಬರು ಅರಸರು ಎಂದಿಗೂ ಅಕ್ಕಪಕ್ಕದ ಮನೆಗಳಲ್ಲಿ ನಿಲ್ಲಲಾರರು. ಅವರ ನಡುವೆ ಕಡೆಯಪಕ್ಷ ಒಂದು ಮನೆಯ ಅಂತರ ಇದ್ದೇ ತೀರಬೇಕು. ಲೋಕದ ಅರಸರು ಇಷ್ಟು ದೂರವನ್ನು ಕಾಯ್ದುಕೊಂಡಿದ್ದರೆ ಇತಿಹಾಸದ ಪುಸ್ತಕಗಳು ಎಷ್ಟೋ ತೆಳ್ಳಗಾಗುತ್ತಿದ್ದವು!

ಹೊಡೆಯುವ ವಿಷಯದಲ್ಲಿಯೂ ಇದೇ ಕಟ್ಟು. ಅರಸನು ನಡೆಯುವಂತೆಯೇ ಹೊಡೆಯುತ್ತಾನೆ. ಪಕ್ಕದ ಮನೆಯಲ್ಲಿ ನಿಂತ ಎದುರಾಳಿಯ ಕಾಯಿಯನ್ನು ತೆಗೆದು ತಾನು ಅಲ್ಲಿ ನಿಲ್ಲುತ್ತಾನೆ. ಆದರೆ ಆ ಕಾಯಿಗೆ ಬೇರೊಂದು ಕಾಯಿಯ ಕಾವಲಿದ್ದರೆ ಅರಸನು ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ತಾನು ಹಗೆಯ ಹೊಡೆತಕ್ಕೆ ಸಿಕ್ಕಂತಾಗುತ್ತದೆ. ಇದರ ಪರಿಣಾಮವನ್ನು ಗಮನಿಸಿ: ಬಡ ಕಾಲಾಳೊಬ್ಬನು ಅರಸನ ಮುಖಕ್ಕೆ ಮುಖ ಕೊಟ್ಟು ನಿಂತರೂ, ಅವನ ಬೆನ್ನಿಗೆ ಇನ್ನೊಬ್ಬ ಕಾಲಾಳು ಇದ್ದರೆ ಸಾಕು, ಅರಸನ ಕೈ ಮೇಲೇಳುವುದಿಲ್ಲ. ದಿಕ್ಕಿಲ್ಲದವನನ್ನು ಮಾತ್ರ ಅರಸನು ಹೊಡೆಯಬಲ್ಲ. ಇದನ್ನು ಅರಸನ ದೌರ್ಬಲ್ಯವೆನ್ನಬೇಕೋ ಒಬ್ಬರಿಗೊಬ್ಬರು ನೆರವಾದ ಸಾಮಾನ್ಯರ ಬಲವೆನ್ನಬೇಕೋ, ಓದುಗರೇ ನಿರ್ಣಯಿಸಬೇಕು.

ಈ ನಿಯಮಗಳೆಲ್ಲ ಒಂದೇ ಕಡೆ ಮೈದಾಳಿದುದನ್ನು ಕಾಣಬೇಕೆನ್ನುವವರು 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್ ಮತ್ತು ಜಾರ್ಜ್ ಥಾಮಸ್ ಆಡಿದ ಆಟವನ್ನು ನೋಡಬೇಕು. ಬಿಳಿಯ ಕಾಯಿಗಳ ಲಾಸ್ಕರ್ ತನ್ನ ಹನ್ನೊಂದನೆಯ ನಡೆಯಲ್ಲಿ ಮಂತ್ರಿಯನ್ನು ತಂದು ಥಾಮಸ್‌ನ ಅರಸನ ಪಕ್ಕದಲ್ಲಿದ್ದ ಕಾಲಾಳನ್ನು ಹೊಡೆದ. ಮಂತ್ರಿಗೆ ಕಾವಲಿರಲಿಲ್ಲ, ಅರಸನಿಗೆ ಬೇರೆ ನಡೆಯೂ ಇರಲಿಲ್ಲ. ತನ್ನ ಕೈಯಿಂದಲೇ ಮಂತ್ರಿಯನ್ನು ಹೊಡೆದ. ಅಲ್ಲಿಂದ ಮುಂದೆ ಒಂದರ ಮೇಲೊಂದು ಚೆಕ್. ಕರಿಯ ಅರಸನು ತನ್ನ ಕೋಟೆಯಿಂದ ಹೊರಬಿದ್ದು ಒಂದೊಂದು ಹೆಜ್ಜೆಗೆ ಒಂದೊಂದು ಸಾಲನ್ನು ದಾಟುತ್ತ ಶತ್ರುವಿನ ಬೀಡಿಗೇ ನಡೆಯಬೇಕಾಯಿತು. ದಾರಿಯಲ್ಲಿ ಅವನ ಪಕ್ಕದ ಮನೆಗೇ ಬಂದು ಚೆಕ್ ಕೊಟ್ಟವರು ಯಾರು? ಮೊದಲು ಒಬ್ಬ ಕಾಲಾಳು, ಆಮೇಲೆ ಇನ್ನೊಬ್ಬ ಕಾಲಾಳು, ಆಮೇಲೆ ಒಂಟೆ, ಕೊನೆಗೆ ಆನೆ. ಎಲ್ಲರೂ ಕೈಗೆಟಕುವಷ್ಟು ಹತ್ತಿರ, ಪಕ್ಕದ ಮನೆಯಲ್ಲಿಯೇ. ಆದರೆ ಮೊದಲನೆಯ ಕಾಲಾಳಿಗೆ ಹಿಂದಿನಿಂದ ಆನೆಯ ಕಾವಲು. ಎರಡನೆಯವನಿಗೆ ಮತ್ತೊಬ್ಬ ಕಾಲಾಳಿನ ಕಾವಲು. ಒಂಟೆಗೆ ಸ್ವತಃ ಬಿಳಿಯ ಅರಸನ ಕಾವಲು. ಆನೆಗೆ ಕುದುರೆಯ ಕಾವಲು. ಬಲಶಾಲಿಯಾದ ಮಂತ್ರಿಯನ್ನು ಕೆಡವಿದ ಅದೇ ಕೈ ಒಬ್ಬ ಕಾಲಾಳನ್ನು ಮುಟ್ಟಲಾರದೆ ಹೋಯಿತು. ಏಳನೆಯ ಹೆಜ್ಜೆಗೆ ಅರಸನು ಶತ್ರುವಿನ ಮೊದಲ ಸಾಲಿಗೆ ಬಂದು ನಿಂತ. ಆಗ ಲಾಸ್ಕರ್ ಮಾಡಿದ್ದು ಇಷ್ಟೇ: ತನ್ನ ಅರಸನನ್ನು ಒಂದು ಮನೆ ಈಚೆಗೆ ಸರಿಸಿದ. ಮೂಲೆಯಲ್ಲಿ ಆವರೆಗೂ ಕದಲದೆ ಕುಳಿತಿದ್ದ ಆನೆಗೆ ದಾರಿ ತೆರೆಯಿತು, ಆಟ ಮುಗಿಯಿತು. ಅರಸನು ಇನ್ನೊಬ್ಬ ಅರಸನಿಗೆ ತಾನಾಗಿ ಚೆಕ್ ಕೊಡಲಾರ. ಆದರೆ ಮರೆಯಾಗಿ ನಿಂತವನು ಪಕ್ಕಕ್ಕೆ ಸರಿದು ತನ್ನವರಿಗೆ ದಾರಿ ಬಿಡಬಲ್ಲ. ಆಳುವವರು ಮಾಡಬಹುದಾದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಚೆಕ್ ಎಂಬ ಮಾತು ಬಂದಿತು. ಈ ಮಾತಿನ ಮೂಲ ಪಾರಸಿ ಭಾಷೆಯ ‘ಶಾಹ್’, ಎಂದರೆ ಅರಸು. ನಮ್ಮ ಚತುರಂಗವು ಪಾರಸಿಕರಿಗೂ ಅರಬರಿಗೂ ಹೋಗಿ, ಅಲ್ಲಿಂದ ಯೂರೋಪಿಗೆ ತಲುಪುವಷ್ಟರಲ್ಲಿ ಅರಸನ ಹೆಸರೇ ಆಟದ ಹೆಸರಾಯಿತು; ಇಂಗ್ಲಿಷಿನ ‘ಚೆಸ್’ ಶಬ್ದವೂ ಅದೇ ಬೇರಿನದು. ನಾವು ಬ್ಯಾಂಕಿನಲ್ಲಿ ಬರೆದುಕೊಡುವ ಚೆಕ್ಕಿನ ವಂಶಾವಳಿಯನ್ನು ಹಿಡಿದು ಹೋದರೂ ಸಿಕ್ಕುವವನು ಇದೇ ಅರಸ. ‘ಶಾಹ್ ಮಾತ್’ ಎಂದರೆ ಅರಸು ನಿಸ್ಸಹಾಯನಾದ ಎಂದು ಅರ್ಥ, ಸತ್ತನೆಂದಲ್ಲ. ಚೆಕ್ ಬಂದಾಗ ಅರಸನಿಗೆ ಮೂರು ದಾರಿಗಳು: ತಾನು ಸರಿಯುವುದು, ತನ್ನವರಲ್ಲಿ ಒಬ್ಬನು ಅಡ್ಡ ಬರುವುದು, ಚೆಕ್ ಕೊಟ್ಟ ಕಾಯಿಯನ್ನು ಹೊಡೆಯುವುದು. ಮೂರೂ ಇಲ್ಲವಾದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಕೊನೆಯ ಆ ಹೊಡೆತ ಬೀಳುವುದೇ ಇಲ್ಲ. ನಮ್ಮ ತಾತ ಹೇಳಿದ್ದು ಇದನ್ನೇ.

ಚೆಕ್ ಇಲ್ಲ, ಆದರೆ ನಡೆಯಲು ಒಂದು ಮನೆಯೂ ಇಲ್ಲ, ಬೇರೆ ಕಾಯಿಗಳಿಗೂ ನಡೆಯಿಲ್ಲ. ಇಂಥ ಸ್ಥಿತಿಯೂ ಒದಗುವುದುಂಟು. ಸ್ಟೇಲ್‌ಮೇಟ್ ಎಂಬ ಇದನ್ನು ಇಂದು ಸಮವೆಂದು ಎಣಿಸುತ್ತಾರೆ. ಹಿಂದೆ ಇದರ ನ್ಯಾಯ ದೇಶಕ್ಕೊಂದು ಕಾಲಕ್ಕೊಂದು ಬಗೆಯಾಗಿತ್ತು. ಹದಿನೇಳು ಹದಿನೆಂಟನೆಯ ಶತಮಾನಗಳ ಇಂಗ್ಲೆಂಡಿನಲ್ಲಂತೂ ಹೀಗೆ ಕಟ್ಟಿಹಾಕಿಸಿಕೊಂಡವನೇ ಗೆದ್ದನೆಂದು ತೀರ್ಪು ಕೊಡುತ್ತಿದ್ದರು. ಹೊಡೆಯದೆ, ಬಿಡದೆ, ಉಸಿರಾಡಲು ಮಾತ್ರ ಬಿಟ್ಟು ಕೂರಿಸುವುದು ಗೆಲುವಲ್ಲವೆಂದು ಆ ಜನ ಬಗೆದರೋ ಏನೋ.

ಅರಸನಿಗೆ ಒಂದು ಹೆಜ್ಜೆಯ ಕಟ್ಟಳೆಯಿಂದ ಬಿಡುಗಡೆ ದೊರೆಯುವುದು ಆಟದಲ್ಲಿ ಒಂದೇ ಒಂದು ಸಲ. ಅದು ಕ್ಯಾಸ್ಲಿಂಗ್: ಅರಸನು ಆನೆಯ ಕಡೆಗೆ ಎರಡು ಮನೆ ಸರಿದು, ಆನೆಯು ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುವುದು. ಇದಕ್ಕೂ ನಿರ್ಬಂಧಗಳು ಕಡಿಮೆಯಿಲ್ಲ. ಅರಸನಾಗಲಿ ಆ ಆನೆಯಾಗಲಿ ಮೊದಲು ಕದಲಿರಬಾರದು, ನಡುವೆ ಕಾಯಿಗಳಿರಬಾರದು, ಅರಸನು ಚೆಕ್ಕಿನಲ್ಲಿರಬಾರದು, ದಾಟುವ ಮನೆಯೂ ಸೇರುವ ಮನೆಯೂ ಹಗೆಯ ಹೊಡೆತಕ್ಕೆ ಒಳಗಾಗಿರಬಾರದು. ಎಂದರೆ, ಅಪಾಯ ಬರುವ ಮುನ್ನ ಕೋಟೆಯನ್ನು ಸೇರಬಹುದೇ ಹೊರತು ಅಪಾಯ ಬಂದಮೇಲೆ ಓಡಿಹೋಗುವಂತಿಲ್ಲ. ನಮ್ಮ ದೇಶದ ಹಳೆಯ ಆಟದಲ್ಲಿ ಕ್ಯಾಸ್ಲಿಂಗ್ ಇರಲಿಲ್ಲ. ಅದರ ಬದಲು, ಇನ್ನೂ ಚೆಕ್ ಬೀಳದಿರುವ ಅರಸನು ಒಮ್ಮೆ ಕುದುರೆಯಂತೆ ನೆಗೆಯಬಹುದಾಗಿತ್ತು. ಈ ಪದ್ಧತಿಯಲ್ಲಿ ಪಳಗಿದ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ತನ್ನ ಒಡೆಯನ ಪರಿವಾರದವನಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ನಿಯಮಗಳಿಗೆ ಕೈಯನ್ನು ಒಗ್ಗಿಸಿಕೊಂಡು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಅರಸರ ನಡೆಯನ್ನು ಪರಿಚಾರಕನೊಬ್ಬನು ಹೀಗೆ ಅರಿತಿದ್ದ! ವಿಶ್ವ ಚದುರಂಗ ಸಂಸ್ಥೆಯು ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟುದು 2024ರಲ್ಲಿ. ಅವನು 1966ರಲ್ಲಿಯೇ ತೀರಿಕೊಂಡಿದ್ದ.

ಇಷ್ಟು ಹೊತ್ತು ಅರಸನನ್ನು ಬಚ್ಚಿಡತಕ್ಕ ವಸ್ತುವೆಂಬಂತೆ ಮಾತನಾಡಿದೆವು. ಮಣೆಯ ಮೇಲಿನ ಗದ್ದಲ ಅಡಗಿ, ಮಂತ್ರಿಗಳೂ ಆನೆಗಳೂ ಹೋದಮೇಲೆ ಅವನ ನಿಜವಾದ ಕಾಲ ಬರುತ್ತದೆ. ಆಗ ಅವನು ಮೂಲೆಯಿಂದೆದ್ದು ಬಯಲಿಗೆ ಬಂದು, ಕಾಲಾಳುಗಳಿಗೆ ಬೆಂಗಾವಲಾಗಿ ನಡೆಯುತ್ತಾನೆ. ಇಬ್ಬರು ಅರಸರು ನಡುವೆ ಒಂದೇ ಮನೆಯನ್ನು ಬಿಟ್ಟು ಎದುರೆದುರು ನಿಂತರೆಂದುಕೊಳ್ಳಿ. ಆ ನಡುವಣ ಮನೆಗೂ ಅದರ ಎರಡು ಪಕ್ಕಗಳ ಮನೆಗಳಿಗೂ ಇಬ್ಬರೂ ಕಾಲಿಡಲಾರರು. ಆದರೆ ಯಾರ ಸರದಿಯೋ ಅವನು ಸುಮ್ಮನೆ ನಿಂತಿರುವಂತಿಲ್ಲ. ಬೇರೆ ಕಾಯಿಗಳಿಗೆ ನಡೆಯಿಲ್ಲದಿದ್ದರೆ ಅವನೇ ಸರಿಯಬೇಕು, ಸರಿದರೆ ಎದುರಿನವನಿಗೆ ದಾರಿ ಬಿಟ್ಟಂತೆ. ಈ ಎದುರುನಿಲುವೇ ಚದುರಂಗದ ಅಂತ್ಯದಾಟದ ಓನಾಮ. ಇಲ್ಲಿ ಗೆಲ್ಲುವವನು ಮುಂದೆ ನುಗ್ಗಿದವನಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಮನೆಯಲ್ಲಿ ನಿಂತವನು.

ಇದು ಎಳೆಯರ ಪಾಠವೆಂದು ಯಾರೂ ಹಗುರಾಗಿ ತಿಳಿಯಬಾರದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ ಹದಿನಾಲ್ಕನೆಯ ಆಟ ಮುಗಿದುದು ಹೀಗೆಯೇ. ಚೀನದ ಡಿಂಗ್ ಲಿರೆನ್ ಮತ್ತು ನಮ್ಮ ದೇಶದ, ಹದಿನೆಂಟು ವರ್ಷದ ಗುಕೇಶ್ ಅಂಕಗಳಲ್ಲಿ ಸಮವಾಗಿದ್ದರು. ಗುಕೇಶ್‌ಗೆ ಇದ್ದ ಹೆಚ್ಚಳ ಒಂದೇ ಒಂದು ಕಾಲಾಳು. ಡಿಂಗ್ ಆನೆಯನ್ನು ಇಡಬಾರದ ಮನೆಯಲ್ಲಿಟ್ಟರು. ಗುಕೇಶ್ ಆನೆಯಿಂದ ಆನೆಯನ್ನು ಹೊಡೆದರು. ಡಿಂಗ್‌ರ ಅರಸನು ಆ ಆನೆಯನ್ನು ಹೊಡೆದ. ಗುಕೇಶ್ ಒಂಟೆಯನ್ನು ಎದುರೊಡ್ಡಿದರು. ಒಂಟೆ ಒಂಟೆಯನ್ನು ಹೊಡೆಯಿತು, ಗುಕೇಶ್‌ರ ಅರಸನು ಅದನ್ನು ಹೊಡೆದ. ಮಣೆಯ ಮೇಲೆ ಉಳಿದವರು ಇಬ್ಬರು ಅರಸರು, ಕೆಲವು ಕಾಲಾಳುಗಳು. ಬಿಳಿಯ ಅರಸನು ಒಂದು ಹೆಜ್ಜೆ ಮುಂದೆ ಬಂದ. ಕರಿಯ ಅರಸನು ಒಂದು ಹೆಜ್ಜೆ ಇಟ್ಟು, ನಡುವೆ ಒಂದೇ ಮನೆಯನ್ನು ಬಿಟ್ಟು, ಎದುರು ನಿಂತ. ಡಿಂಗ್ ಸೋಲನ್ನೊಪ್ಪಿ ಕೈ ನೀಡಿದರು. ಲೋಕದ ಪಟ್ಟವು ಕೈ ಬದಲಿಸಿದ್ದು ಅರಸನ ಒಂದೇ ಹೆಜ್ಜೆಯಿಂದ.

ಮಣೆಯ ಅರಸರ ಕಥೆ ಇದಾಯಿತು. ಮಣೆಯ ಮುಂದೆ ಕುಳಿತ ನಿಜವಾದ ಅರಸರೂ ನಮ್ಮ ನಾಡಿನಲ್ಲಿ ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚತುರಂಗಕ್ಕೂ ಸ್ಥಾನವುಂಟು. ಆದರೆ ಅರಸನ ನಡೆಯನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ, ಐದನೆಯ ವಯಸ್ಸಿನಲ್ಲಿ, ಅವರನ್ನು ಸಿಂಹಾಸನದ ಮೇಲೆ ಕೂರಿಸಿದರು; ನಡೆಯನ್ನು ನಡೆಸಿದವರು ದಿವಾನ್ ಪೂರ್ಣಯ್ಯ. ಬೆಳೆದು ತಾವೇ ಆಡಳಿತವನ್ನು ವಹಿಸಿಕೊಂಡರು. 1831ರಲ್ಲಿ, ನಗರದ ಸೀಮೆಯ ದಂಗೆಯ ಹಿಂದೆಯೇ, ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. ಅರಮನೆಯಿತ್ತು, ಬಿರುದುಗಳಿದ್ದುವು, ದಸರೆಯಿತ್ತು, ನಡೆಯಿರಲಿಲ್ಲ. ಅವರನ್ನು ಯಾರೂ ಹೊಡೆಯಲಿಲ್ಲ. ನಿಂತ ಮನೆಯಿಂದ ಕದಲದಂತೆ ಕಟ್ಟಿದರು. ಹೀಗೆ ಕಳೆದುವು ಮೂವತ್ತೇಳು ವರ್ಷಗಳು.

ಆ ಕಾಲದಲ್ಲಿ ಆ ದೊರೆ ಕವಿಪಂಡಿತರನ್ನು ಪೋಷಿಸಿದರು ಎಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ತಿಳಿದುದೇ. ಅವರು ಆಟಗಳಲ್ಲಿ ಇಟ್ಟಿದ್ದ ಶ್ರದ್ಧೆ ಅಷ್ಟಾಗಿ ತಿಳಿಯದು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲಾದುದು. ಮಣೆಯಾಟಗಳನ್ನೂ ಗಂಜೀಫಾ ಆಟಗಳನ್ನೂ ಅವರು ಹೊಸದಾಗಿ ಕಲ್ಪಿಸಿದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿ ಸುತ್ತಿಬರುವ ನಡೆಗಳನ್ನು ಕಟ್ಟಿದರು. ಮನೆಗಳಿಗೆ ಸಂಖ್ಯೆ ಹಾಕಿದರೆ ಅಡ್ಡಸಾಲು ಉದ್ದಸಾಲುಗಳ ಮೊತ್ತ ಒಂದೇ ಆಗುವಂಥ ಮಾಯಾಚೌಕದ ನಡೆಯೂ ಅವುಗಳಲ್ಲಿ ಉಂಟು. ಒಂದು ಹೆಜ್ಜೆಯೂ ಇಡಲಾಗದ ಅರಸನೊಬ್ಬನು ಮಣೆಯ ಮನೆಮನೆಗೂ ಕುದುರೆಯನ್ನು ಓಡಿಸುತ್ತ ಕುಳಿತಿರುವ ಚಿತ್ರವನ್ನು ನೆನೆದರೆ ಮನಸ್ಸು ಮಿಡಿಯುತ್ತದೆ. ಇದನ್ನು ವಿಲಾಸವೆಂದು ಜರೆದವರುಂಟು. ನನಗೆ ಹಾಗೆ ತೋರುವುದಿಲ್ಲ.

ಏಕೆಂದರೆ ಆ ಅರಸರು ಆಟದಲ್ಲಿ ಮುಳುಗಿ ಸಿಂಹಾಸನವನ್ನು ಮರೆಯಲಿಲ್ಲ. ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ವರ್ಷವರ್ಷವೂ ಮನವಿಗಳನ್ನು ಬರೆದರು. ಔರಸಪುತ್ರನಿಲ್ಲದ ಅವರ ತರುವಾಯ ರಾಜ್ಯವು ಬ್ರಿಟಿಷರಿಗೇ ಸೇರಿಹೋಗುವ ಭಯವಿತ್ತು. 1865ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಅವರ ಪಾಲಿಗೆ ಉಳಿದಿದ್ದುದು ಆ ಒಂದೇ ಹೆಜ್ಜೆ, ಅದನ್ನು ಇಟ್ಟರು. 1867ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ಒಪ್ಪಿತು. 1868ರಲ್ಲಿ ದೊರೆ ಕಾಲವಾದರು. 1881ರಲ್ಲಿ ರಾಜ್ಯವು ಚಾಮರಾಜೇಂದ್ರರ ಕೈಗೆ ಮರಳಿತು. ಬಯಲಿನ ಯುದ್ಧದಲ್ಲಿ ಬ್ರಿಟಿಷರನ್ನು ಸೋಲಿಸುವ ಬಲ ಮೈಸೂರಿಗೆ ಇರಲಿಲ್ಲ. ಕಾವಲಿದ್ದ ಕಾಯಿಗೆ ಕೈಹಚ್ಚದೆ, ಹೊಡೆತ ಬೀಳುವ ಮನೆಗೆ ಕಾಲಿಡದೆ, ತನ್ನ ಸರದಿಗಾಗಿ ಕಾದ ಮುದಿ ಅರಸರೊಬ್ಬರ ಒಂದು ಹೆಜ್ಜೆ ಅದನ್ನು ಉಳಿಸಿಕೊಟ್ಟಿತು.

ಈಗ ಸಿಂಹಾಸನಗಳು ಇಲ್ಲ. ಅರಸರು ಉಳಿದಿರುವುದು ಮಣೆಗಳ ಮೇಲೆ. ಆದರೂ ನನ್ನ ಮನೆಯ ಮಕ್ಕಳು ಅದೇ ಪ್ರಶ್ನೆಯನ್ನು ಕೇಳಿದಾಗ ನಾನು ತಾತನ ಮಾತನ್ನೇ ಹೇಳುತ್ತೇನೆ, ಜೊತೆಗೆ ಇನ್ನೊಂದು ಮಾತನ್ನು ಸೇರಿಸುತ್ತೇನೆ: “ಎಲ್ಲ ಕಾಯಿಗಳೂ ಹೋದಮೇಲೂ ನಿನ್ನ ರಾಜನಿಗೆ ಒಂದು ಮನೆ ಉಳಿದಿದೆಯೋ ನೋಡು. ಉಳಿದಿದ್ದರೆ ಮಣೆಯನ್ನು ಮಡಿಚಬೇಡ.”